ಊಟದ ಮೇಜಿನ ಮೇಲಿನ ಕೊರಕ

ಅತ್ತೆಗೆ ಯಾವ ಮಾತನ್ನೂ ಗುಟ್ಟಾಗಿ ಹೇಳುವ ಹಾಗಿಲ್ಲ, ಅವನ ಸಂಕಟಕ್ಕೆಲ್ಲ ಅದೇ ಬುಡ. ಕಿವಿ ನೆಟ್ಟಗಿರುವವರ ಮುಂದೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಸಲೀಸು! ಹತ್ತಿರ ಹೋಗಿ, ತಲೆ ತಗ್ಗಿಸಿ, ನಾಲ್ಕು ಮಾತು ಗೊಣಗಿದರಾಯಿತು. ಅವರು ಒಂದಿಷ್ಟು ಸಿಡುಕುತ್ತಾರೆ, ಇವನು ಕಾಲುಗುರು ನೋಡುತ್ತ ನಿಲ್ಲುತ್ತಾನೆ, ಅಷ್ಟರಲ್ಲಿ ಕಾಫಿ ಬರುತ್ತದೆ, ಮುಗಿಯಿತು. ಅತ್ತೆಗಾದರೆ ಕಿರುಚಬೇಕು. ಕಿರುಚಿದರೆ ಅಡುಗೆಮನೆಯಲ್ಲಿರುವ ಹೆಂಡತಿಗೆ ಕೇಳುತ್ತದೆ, ಎದುರು ಮನೆಯವನಿಗೆ ಕೇಳುತ್ತದೆ, ಬೀದಿಯಲ್ಲಿ ಹೋಗುವವರು ನಿಂತು ಕೇಳಿಸಿಕೊಳ್ಳುತ್ತಾರೆ. ಚೀಟಿಯಲ್ಲಿ ಬರೆದು ಕೊಡೋಣವೆಂದರೆ ಅತ್ತೆ ಚೀಟಿ ಎಸೆಯುವ ಪೈಕಿಯಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುವವರು. ಹೀಗಾಗಿ ಭಾನುವಾರ ಬೆಳಗ್ಗೆಯೇ ಊಟದ ಮೇಜಿನ ಮುಂದೆ ಕೂತ ಅವನು, ಕೈಯಲ್ಲಿ ಸ್ಕ್ರೂಡ್ರೈವರು ಹಿಡಿದು ಭಾರೀ ಕೆಲಸದಲ್ಲಿದ್ದಂತೆ ಕಂಡರೂ, ಒಳಗೊಳಗೆ ಒಂದೇ ವಾಕ್ಯವನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಹೇಳಿ ನೋಡಿಕೊಳ್ಳುತ್ತಿದ್ದ: ಅತ್ತೆ, ನಿಮ್ಮ ಪ್ಲೇಯರನ್ನ ನಾನು ಬಿಚ್ಚಿಹಾಕಿದೀನಿ.

ಅತ್ತೆ ಎಂದಿನಂತೆ ಹಜಾರದಲ್ಲಿ, ಬೀದಿಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರು. ಅವರಿಗೇ ಅಂತ ಒಂದು ಕೋಣೆ, ಮೆತ್ತನೆ ಹಾಸಿಗೆ, ಗಾಳಿ ಬರುವ ಕಿಟಕಿ ಎಲ್ಲ ಇದ್ದರೂ ಹಗಲೆಲ್ಲ ಈ ಕುರ್ಚಿಯೇ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟಿದ್ದೂ ಆಯಿತು. ತಟ್ಟೆ ಲೋಟದ ಸದ್ದೆಲ್ಲ ತಲೆಯೊಳಗೇ ಬಿದ್ದ ಹಾಗಾಗುತ್ತದೆ ಎಂದು ಅದನ್ನು ಡಬ್ಬಿಯಲ್ಲಿ ಮಲಗಿಸಿಬಿಟ್ಟಿದ್ದರು. ಒಂದು ಮಧ್ಯಾಹ್ನ ಅವರ ಬಾಲ್ಯದ ಗೆಳತಿ ಊರಿನ ಆ ತುದಿಯಿಂದ ಬಸ್ಸು ಬದಲಾಯಿಸಿಕೊಂಡು ಬಂದು, ಕರೆಗಂಟೆ ಒತ್ತಿ ಒತ್ತಿ, ಯಾರೂ ತೆಗೆಯದೆ ಹಾಗೇ ವಾಪಸು ಹೋಗಿದ್ದಳು. ಅತ್ತೆ ಆಗ ತಮ್ಮ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು. ಸಂಜೆ ಗೆಳತಿ ಫೋನು ಮಾಡಿ ತಿಳಿಸಿದ್ದನ್ನು ಮಗಳು ಜೋರಾಗಿ ಹೇಳಿದಾಗ ಅವರು ಎದ್ದು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತರು. ಅವನು ಆವತ್ತೇ ಲೆಕ್ಕ ಹಾಕಿದ್ದ. ಗಂಟೆ ಒತ್ತಿದರೆ ಅತ್ತೆಯ ಕೋಣೆಯಲ್ಲಿ ಒಂದು ದೀಪ ಮಿಣಕ್ ಮಿಣಕ್ ಅನ್ನಬೇಕು, ಅಷ್ಟೇ ತಾನೆ? "ನಾನು ಮಾಡಿಕೊಡ್ತೀನಿ ಅತ್ತೆ!" ಎಂದು ಕಿರುಚಿದ್ದ. ಒಳ್ಳೆಯ ಮಾತನ್ನು ಕಿರುಚಲು ಯಾರ ಅಡ್ಡಿಯೂ ಇರಲಿಲ್ಲ.

ಅಂಥದ್ದು ಅಂಗಡಿಯಲ್ಲೇ ಸಿಗುತ್ತದೆ ಎಂದು ಭಾವಮೈದ ಹೇಳಿದಾಗ ಮಾತ್ರ ಅವನಿಗೆ ಮೈಯೆಲ್ಲ ಉರಿದುಹೋಗಿತ್ತು. ಭಾವಮೈದನಿಗೆ ಫೋನಿನ ಅಂಗಡಿ, ಲೋಕದಲ್ಲಿರುವ ಸಕಲವೂ ಅವನ ಪಾಲಿಗೆ ಡಬ್ಬಿಯಲ್ಲಿ ಬರುವ ವಸ್ತು. ತಪ್ಪು ಅವನದಲ್ಲ, ಕಾಲವೇ ಹಾಗಿದೆ. ಇವನೇ ಕೆಲಸ ಮಾಡುವ ಕಂಪನಿಯಲ್ಲಿ, ಕೆಟ್ಟ ತೂಕದ ಯಂತ್ರಗಳು ಬಂದು ಬೀಳುವ ಉದ್ದ ಕೋಣೆಯಲ್ಲಿ, ಮೊದಲು ಇವನು ಭೂತಗನ್ನಡಿ ಕಟ್ಟಿಕೊಂಡು ಒಂದೊಂದು ಯಂತ್ರದ ಸರ್ಕ್ಯೂಟು ಬೋರ್ಡನ್ನೂ ಮಗುವಿನ ಮೈ ತಡವಿದಂತೆ ತಡವಿ, ಎಲ್ಲಿ ನೋವು ಎಂದು ಹುಡುಕುತ್ತಿದ್ದ. ಈಗ ಬೋರ್ಡು ಕೆಟ್ಟರೆ ಇಡೀ ಬೋರ್ಡನ್ನೇ ಕಿತ್ತು ಹೊಸದು ಹಾಕು. "ಸಾರ್, ದಯವಿಟ್ಟು ರಿಪೇರಿ ಮಾಡೋಕೆ ಹೋಗ್ಬೇಡಿ, ಟೈಮ್ ವೇಸ್ಟು, ಬದಲಾಯಿಸಿಬಿಡಿ" ಎಂದು ಹೊಸ ಮ್ಯಾನೇಜರು ಎಲ್ಲರ ಮುಂದೆ ನಗುನಗುತ್ತಲೇ ಹೇಳಿದ್ದ. ನಗುನಗುತ್ತ ಹೇಳಿದ್ದರಿಂದ ಸಿಟ್ಟು ಮಾಡಿಕೊಳ್ಳಲೂ ಜಾಗವಿರಲಿಲ್ಲ. ಸುಮ್ಮನೆ ಹಲ್ಲು ಕಿಸಿದಿದ್ದ. ಸಂಜೆ ಮನೆಗೆ ಬಂದು ಕೈ ತೊಳೆಯುವಾಗ, ಕೈಯಲ್ಲಿ ತೊಳೆಯಲು ಏನೂ ಇರಲಿಲ್ಲ. ಈ ಮಾತನ್ನು ಅವನು ಹೆಂಡತಿಗೂ ಹೇಳಿಲ್ಲ. ದೀಪ ಒಂದಕ್ಕೆ ಬೋರ್ಡು ಬೇಕು, ಬೋರ್ಡು ಕೊರೆಯಲು ಯಂತ್ರ ಬೇಕು, ಯಂತ್ರವನ್ನು ನಾನೇ ಕಟ್ಟುತ್ತೇನೆ ಎಂದಷ್ಟೇ ಹೇಳಿದ. "ಒಂದು ದೀಪಕ್ಕೆ ಒಂದು ಯಂತ್ರಾನಾ?" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದಳು. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಆದರೂ ಪಾಪ, ಅವಳೇ ಸೂಜಿ ತಂದುಕೊಟ್ಟಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ, ಹಲ್ಲು ಕೊರೆದು ಕೊರೆದು ಸವೆದು ಎಸೆಯಲಿಟ್ಟ ಸಣ್ಣ ಕೊರೆಸೂಜಿಗಳನ್ನು ಕುದಿಸಿ, ಕಾಗದದಲ್ಲಿ ಸುತ್ತಿ ತಂದು, "ಯಾರ್ಯಾರ ದವಡೆಗೆ ಹೋಗಿಬಂದಿದೆಯೋ, ನಿಮ್ಮ ತಾಮ್ರಕ್ಕೆ ಸಾಲದಾ?" ಎಂದಿದ್ದಳು. ಸಾಲದೇನು, ಸೊಗಸಾಗಿ ಹೊಂದಿತು. ಆಟದ ಕಾರಿನ ಪುಟ್ಟ ಮೋಟಾರು ಸೂಜಿಯನ್ನು ಗಿರ್ರನೆ ತಿರುಗಿಸುತ್ತದೆ. ಗುಜರಿಗೆ ಹೋದ ಎರಡು ಕಂಪ್ಯೂಟರುಗಳ ಡಿಸ್ಕ್ ಡ್ರೈವುಗಳನ್ನು ಬಿಚ್ಚಿ, ಅವುಗಳ ಹಳಿಗಳ ಮೇಲೆ ಒಂದು ಎಡಕ್ಕೂ ಬಲಕ್ಕೂ, ಇನ್ನೊಂದು ಹಿಂದಕ್ಕೂ ಮುಂದಕ್ಕೂ ಸರಿಯುವಂತೆ ಕೂರಿಸಿದ. ತಳಕ್ಕೆ ತರಕಾರಿ ಹೆಚ್ಚುವ ಮಣೆ, ಅದೂ ಹೆಂಡತಿಯದೇ. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಈ ಬಡಪಾಯಿ ಯಂತ್ರ ತಾಮ್ರದ ಹಾಳೆಯ ಮೇಲೆ ಅದೇ ಗೆರೆಯ ಅಂಚನ್ನು ಕೂದಲೆಳೆಯಷ್ಟು ಕೊರೆದು, ಬೇಕಾದ ತಾಮ್ರವನ್ನು ಬೇಡದ ತಾಮ್ರದಿಂದ ಬೇರೆ ಮಾಡಬೇಕು. ಅದರ ಸದ್ದು ಕೇಳಿ ಹೆಂಡತಿ ಅದಕ್ಕೆ ಕೊರಕ ಅಂತಲೇ ಹೆಸರಿಟ್ಟಳು. ಎಲ್ಲ ಸರಿ, ಸೂಜಿಯನ್ನು ಮೇಲೆ ಎತ್ತುವುದಕ್ಕೂ ಕೆಳಗೆ ಇಳಿಸುವುದಕ್ಕೂ ಮೂರನೆಯದೊಂದು ಮೋಟಾರು ಬೇಕಲ್ಲ, ಅದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಗಲಿಲ್ಲ ಎಂದರೆ ಸುಳ್ಳಾದೀತು, ಮರುದಿನ ಹುಡುಕಿದ್ದರೆ ಸಿಗುತ್ತಿತ್ತು. ಅವತ್ತು ಅವನಿಗೆ ತಡೆಯಲಾಗಲಿಲ್ಲ, ಅಷ್ಟೆ. ಅತ್ತೆ ತಮ್ಮ ಪುಟ್ಟ ಡಿಸ್ಕ್ ಪ್ಲೇಯರನ್ನು, ತೊಡೆಯ ಮೇಲಿಟ್ಟುಕೊಂಡು ನೋಡುವ, ಮುಚ್ಚಳದಲ್ಲೇ ಪರದೆ ಇರುವ ಆ ಡಬ್ಬಿಯನ್ನು ರಿಪೇರಿಗೆಂದು ಅವನ ಕೈಗೆ ಕೊಟ್ಟಿದ್ದರು. ಬರೀ ಒಂದು ತಂತಿ ಬಿಟ್ಟಿತ್ತು. ಬೆಸುಗೆಯ ಒಂದು ಹನಿ ಸಾಕಾಗಿತ್ತು. ಆದರೆ ತೆರೆದು ನೋಡಿದರೆ ಒಳಗೆ ಎಂಥ ಮೋಟಾರು, ಎಂಥ ನುಣುಪಾದ ಹಳಿ, ಅದರ ತಿರುಪು ಹೇಗೆ ಫಳಫಳ ಅಂತಿತ್ತು! ಕೈ ತಾನಾಗಿ ಹೋಯಿತು. ಬುದ್ಧಿ ಬರುವಷ್ಟರಲ್ಲಿ ಮೋಟಾರಿನ ನಾಲ್ಕೂ ತಂತಿ ಕತ್ತರಿಸಿ ಆಗಿತ್ತು.

ಅತ್ತೆ ಅದರಲ್ಲಿ ನೋಡುತ್ತಿದ್ದದ್ದು ಒಂದೇ ಡಿಸ್ಕು, ಇವನ ಮದುವೆಯದು. ಅದರಲ್ಲೂ ಇವನನ್ನಾಗಲಿ ಮಗಳನ್ನಾಗಲಿ ನೋಡುತ್ತಿರಲಿಲ್ಲ. ತೀರಿಹೋದ ಮಾವ ಒಂದು ಕಡೆ ಕುರ್ಚಿಗಳ ಸಾಲಿನ ನಡುವೆ ನುಸುಳಿಕೊಂಡು, ಯಾರಿಗೋ ನೀರಿನ ಲೋಟ ಕೊಟ್ಟು, ಕ್ಯಾಮರಾ ಕಂಡು ಗಾಬರಿಯಾಗಿ, ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಾರೆ. ಅಷ್ಟನ್ನು ನೋಡಿ, ಮತ್ತೆ ಹಿಂದಕ್ಕೆ ಓಡಿಸಿ, ಮತ್ತೆ ನೋಡುವರು. ಶಬ್ದದ ಹಂಗೇ ಬೇಕಿರಲಿಲ್ಲ. ಇದೆಲ್ಲ ತಂತಿ ಕತ್ತರಿಸುವ ಮೊದಲೇ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದೇ ಅವನನ್ನು ತಿನ್ನುತ್ತಿದ್ದದ್ದು. "ಆಯ್ತಾ ಅಳಿಯಂದ್ರೇ?" ಎಂದು ಅತ್ತೆ ಕೇಳಿದಾಗಲೆಲ್ಲ ಅವನು ಕೈಯಲ್ಲೇ ಇನ್ನೊಂದು ಸ್ವಲ್ಪ ಎಂಬ ಸನ್ನೆ ಮಾಡಿ ಬಚ್ಚಲಮನೆ ಕಡೆ ನಡೆದುಬಿಡುತ್ತಿದ್ದ.

"ರೀ, ಕೇಳಿಸ್ತಾ? ನಿಮಗೇ ಹೇಳಿದ್ದು." ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಇವತ್ತು ರಾತ್ರಿ ಊಟ ಮೇಜಿನ ಮೇಲೆ. ತಿಂಗಳುಗಟ್ಟಲೆ ತೊಡೆ ಮೇಲೆ ತಟ್ಟೆ ಇಟ್ಕೊಂಡು ತಿಂದು ಸಾಕಾಯ್ತು. ಅಷ್ಟರೊಳಗೆ ನಿಮ್ಮ ಕೊರಕ ಕೆಲಸ ಮಾಡಿದ್ರೆ ಸರಿ, ಇಲ್ದಿದ್ರೆ ಅಟ್ಟಕ್ಕೆ."

"ಆಗತ್ತೆ ಮಾರಾಯ್ತಿ, ಇವತ್ತು ಆಗೇ ಆಗತ್ತೆ."

"ಇನ್ನೊಂದು, ತಮ್ಮ ಬರ್ತಿದಾನೆ. ಅಮ್ಮನ ಪ್ಲೇಯರು ತಗೊಂಡು ಹೋಗ್ತಾನಂತೆ, ಅಂಗಡೀಲಿ ರಿಪೇರಿ ಮಾಡಿಸ್ತಾನಂತೆ. ನಿಮಗೆ ಪುರುಸೊತ್ತಿಲ್ಲ ಅಂತ ಅಮ್ಮಾನೇ ಹೇಳಿ ಕಳಿಸಿದ್ದು."

ಅವನ ಸ್ಕ್ರೂಡ್ರೈವರು ಕೈಜಾರಿ ಮಣೆಯ ಮೇಲೆ ಬಿತ್ತು. ತಾನು ಮಾಡಿದ್ದು ಇಷ್ಟು ದಿನ ತನ್ನೊಬ್ಬನೊಳಗೇ ಇದ್ದಾಗ ಅದಕ್ಕೆ ಒಂದು ಮರ್ಯಾದೆ ಇತ್ತು, ದುಃಖದ ಹಾಗೆ ಕಾಣುತ್ತಿತ್ತು. ಈಗ ಭಾವಮೈದ ಬಂದು ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದ ಗಳಿಗೆಗೆ ಅದು ಶುದ್ಧ ಕಳ್ಳತನ ಆಗಿಬಿಡುತ್ತದೆ. ಈಗಲೇ ಹೇಳಿಬಿಡಬೇಕು ಎಂದುಕೊಂಡು ಎದ್ದು ಹಜಾರಕ್ಕೆ ಹೋಗಿ ಅತ್ತೆಯ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅತ್ತೆ," ಎಂದ ಮೆಲ್ಲಗೆ, "ನಿಮ್ಮ ಪ್ಲೇಯರಿದೆಯಲ್ಲ..." ಅತ್ತೆ ತಲೆ ಬಾಗಿಸಿ, "ಆಂ? ಸ್ವಲ್ಪ ಜೋರಾಗಿ ಹೇಳಿ" ಎಂದರು. ಒಳಗಿಂದ ಹೆಂಡತಿಯೂ "ಏನಂತೆ?" ಎಂದಳು. "ದೀಪ! ಇವತ್ತು ದೀಪ ಆಗತ್ತೆ ಅಂದೆ!" ಎಂದು ಕಿರುಚಿ ಎದ್ದುಬಿಟ್ಟ. ಅತ್ತೆಯ ಮುಖ ಅರಳಿತು. ಆ ಅರಳಿದ ಮುಖ ನೋಡಿ ಅವನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು, ಯಾವುದು ಎಷ್ಟು ಎಂದು ಅಳೆಯಲಾಗಲಿಲ್ಲ.

ಒಂದು ಉಪಾಯ ಮಾತ್ರ ಹೊಳೆಯಿತು. ಮೊದಲು ದೀಪ ಉರಿದುಬಿಡಲಿ. ಕೈಯಲ್ಲಿ ಒಂದು ಕೊಡುಗೆ ಹಿಡಿದುಕೊಂಡು ಕೇಳುವ ಕ್ಷಮೆಯೇ ಬೇರೆ, ಬರಿಗೈಯಲ್ಲಿ ಕೇಳುವ ಕ್ಷಮೆಯೇ ಬೇರೆ. ಇದು ಹೇಡಿಯ ಲೆಕ್ಕ ಎಂದು ಗೊತ್ತಿದ್ದರೂ ಅವನು ಅದಕ್ಕೇ ಜೋತುಬಿದ್ದ. ಉಳಿದಿದ್ದ ಕೊನೆಯ ತಾಮ್ರದ ತುಂಡನ್ನು, ಬೆಂಕಿಪೊಟ್ಟಣದಷ್ಟು ಅಗಲದ್ದನ್ನು, ಮಣೆಗೆ ಅಂಟಿಸಿದ. ಕೊನೆಯ ಒಳ್ಳೆ ಸೂಜಿಯನ್ನು ಸಿಕ್ಕಿಸಿದ. ಭಾವಮೈದ ಒಳಗೆ ಬಂದು ಚಪ್ಪಲಿ ಬಿಡುತ್ತಲೇ, "ಎಲ್ಲಿ ಭಾವ, ಅಮ್ಮನ ಪ್ಲೇಯರು?" ಎಂದಾಗ, ಬಾಯಿ ಮೇಲೆ ಬೆರಳಿಟ್ಟು, "ಶ್, ಇದು ಮುಗೀಲಿ, ಈಗ ಮಾತಾಡಿಸಬೇಡ" ಎಂದು ದೊಡ್ಡ ಡಾಕ್ಟರ ಗತ್ತಿನಲ್ಲಿ ಹೇಳಿ ಗುಂಡಿ ಒತ್ತಿದ.

ಕೊರಕ ಕೊರೆಯತೊಡಗಿತು. ಎಂಥ ಸದ್ದು ಅದು, ಜೇನುಹುಳವೊಂದು ಸೀಸೆಯೊಳಗೆ ಸಿಕ್ಕಿಬಿದ್ದ ಹಾಗೆ. ಸೂಜಿ ಇಳಿಯಿತು, ಸರಿಯಿತು, ಎದ್ದಿತು, ಪಕ್ಕಕ್ಕೆ ಹೋಗಿ ಮತ್ತೆ ಇಳಿಯಿತು. ಪ್ರತಿ ಸಲ ಅದು ಎದ್ದು ಇಳಿಯುವಾಗಲೂ ಅತ್ತೆಯ ಮೋಟಾರು ಟಿಕ್ಕೆಂದು ತನ್ನ ಗುರುತು ಹೇಳುತ್ತಿತ್ತು, ಅವನು ಅದನ್ನು ಕೇಳಿಸಿಕೊಳ್ಳದವನಂತೆ ಕೂತ. ತಾಮ್ರದ ಪುಡಿ ಸಣ್ಣಗೆ ಹೊಳೆಯುತ್ತ ಎರಡೂ ಕಡೆ ಬೀಳುತ್ತಿತ್ತು, ಹೆಂಡತಿ ಸಣ್ಣ ಬ್ರಶ್ಶಿನಿಂದ ಅದನ್ನು ಅಭ್ಯಾಸಬಲದಿಂದ ಗುಡಿಸುತ್ತ, "ಬಾಯಿ ತೆಗೀರಿ ಅನ್ನೋ ಹಾಗಾಗ್ತಿದೆ" ಎಂದು ನಕ್ಕಳು. ಭಾವಮೈದನೂ ಫೋನು ಜೇಬಿಗಿಟ್ಟು, ಮೇಜಿನ ಮೇಲೆ ಗದ್ದ ಊರಿ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅತ್ತೆ ಬಂದು ಹಿಂದೆ ನಿಂತರು. ಹೀಗೆ ಎಲ್ಲರೂ ಒಂದು ಚೂರು ತಾಮ್ರದ ಸುತ್ತ ತಲೆ ಕೂಡಿಸಿ ನಿಂತದ್ದು ಕಂಡು, ತಾನು ಇಷ್ಟು ಕಾಲ ಬದುಕಿದ್ದೇ ಈ ಗಳಿಗೆಗೆ ಎಂದು ಅವನಿಗೆ ಅನ್ನಿಸಿಬಿಟ್ಟಿತು. ಮ್ಯಾನೇಜರು ನೋಡಬೇಕಿತ್ತು ಇದನ್ನ, ಅಂದುಕೊಂಡ. ಕೊನೆಯ ಗೆರೆ ಮುಗಿಸಿ ಸೂಜಿ ಮೇಲೆದ್ದದ್ದೇ ಪಟ್ಟೆಂದು ಮುರಿದು ಎಲ್ಲೋ ಹಾರಿತು. ಮುರಿಯಲಿ ಬಿಡು, ಕೆಲಸ ಮುಗಿದಿತ್ತು! ಭಾವಮೈದ ಚಪ್ಪಾಳೆ ತಟ್ಟಿದ. ಇವನು ಬೋರ್ಡನ್ನು ಎತ್ತಿ, ಊದಿ, ಬೆಳಕಿಗೆ ಹಿಡಿದು, ಕಾಗದದ ಮೇಲಿನ ನಕ್ಷೆಯ ಪಕ್ಕ ಇಟ್ಟು ನೋಡಿದ. ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ, ಅಚ್ಚೊತ್ತಿದ ಹಾಗೆ ಹೊಂದಿಕೊಂಡಿತು.

ಹೊಂದಿಕೊಳ್ಳಬಾರದಾಗಿತ್ತು. ಅಯ್ಯೋ ದೇವರೇ, ಹೊಂದಿಕೊಳ್ಳಲೇಬಾರದಾಗಿತ್ತು. ದೀಪ ಮಿಣುಕಿಸುವ ಚಿಪ್ಪು ಗಿಪ್ಪು ಎಲ್ಲ ಕೂರುವುದು ಬೋರ್ಡಿನ ಮೇಲ್ಗಡೆ, ತಾಮ್ರ ಇರುವುದು ಕೆಳಗಡೆ. ನಕ್ಷೆ ಮೇಲಿನಿಂದ ನೋಡಿ ಬರೆದದ್ದು, ಆದ್ದರಿಂದ ಕೊರೆಯುವ ಮೊದಲು ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು, ಆಗಲೇ ಕೆಳಗಿನ ದಾರಿ ಮೇಲಿನ ಚಿಪ್ಪಿನ ಕಾಲುಗಳಿಗೆ ಸರಿಯಾಗಿ ಸಿಗುವುದು. ತಿರುಗಿಸಿದ್ದ, ಮರೆತಿರಲಿಲ್ಲ, ನೆನಪಿಟ್ಟುಕೊಂಡು ತಿರುಗಿಸಿದ್ದ. ಆದರೆ ಹೋದ ವಾರ ಎಡ ಬಲದ ಮೋಟಾರಿನ ತಂತಿ ಕಳಚಿಕೊಂಡಾಗ ಅವಸರದಲ್ಲಿ ಅದಲುಬದಲು ಸಿಕ್ಕಿಸಿದ್ದನೆಂದು ಈಗ ತಂತಿಯ ಬಣ್ಣ ನೋಡಿ ಗೊತ್ತಾಯಿತು. ಬಲಕ್ಕೆ ಹೋಗು ಎಂದರೆ ಯಂತ್ರ ಎಡಕ್ಕೆ ಹೋಗಿತ್ತು. ತಿರುಗಿಸಿದ್ದನ್ನು ಅದು ಮತ್ತೊಮ್ಮೆ ತಿರುಗಿಸಿಬಿಟ್ಟಿತ್ತು. ವಾರವಿಡೀ ಪೆನ್ನು ಸಿಕ್ಕಿಸಿ ಪರೀಕ್ಷೆ ಮಾಡಿದ್ದನಲ್ಲ, ಆಗ ಗೊತ್ತಾಗಲಿಲ್ಲವೇ? ಹೇಗೆ ಗೊತ್ತಾಗಬೇಕು, ಅವನು ಬರೆಸುತ್ತಿದ್ದದ್ದು ಬರೀ ವೃತ್ತ. ಎಷ್ಟು ದುಂಡಗೆ ಬರುತ್ತದೆ ಎಂದು ಹಿಗ್ಗಿ ಹಿಗ್ಗಿ, ಮನೆಯ ಹಳೇ ಕಾಗದಗಳ ತುಂಬ ವೃತ್ತ ಬರೆಸಿದ್ದ. ಕನ್ನಡಿಯಲ್ಲಿಟ್ಟರೂ ವೃತ್ತ ವೃತ್ತವೇ.

"ಏನಾಯ್ತು ಭಾವ?"

"ಉಲ್ಟಾ ಆಗಿದೆ," ಎಂದ.

"ಅಷ್ಟೇನಾ? ತಿರುಗಿಸಿ ಹಾಕಿ." ಭಾವಮೈದ ಬೋರ್ಡನ್ನು ಎತ್ತಿ ಚಪಾತಿಯಂತೆ ಮಗುಚಿದ. ಆಮೇಲೆ ಇವನ ಮುಖ ನೋಡಿ ಮೆಲ್ಲಗೆ ಕೆಳಗಿಟ್ಟು, "ಅಂಗಡೀಲಿ ಒಂದು ಇದೆ ಭಾವ, ನಾಳೆ ತಂದು ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ" ಎಂದ. ಅವನು ಅಣಕಿಸಿದ್ದರೆ ತಡೆದುಕೊಳ್ಳಬಹುದಿತ್ತು. ಕನಿಕರ ತೋರಿದನಲ್ಲ, ಅದು ನೇರ ಎದೆಗೆ ನಾಟಿತು. ಹೆಂಡತಿ ಬ್ರಶ್ಶಿನಿಂದ ಮತ್ತೆ ಪುಡಿ ಗುಡಿಸತೊಡಗಿದಳು, ಅಟ್ಟದ ಮಾತೆತ್ತಲಿಲ್ಲ. ತಾಮ್ರ ಮುಗಿದಿದೆ, ಸೂಜಿ ಮುರಿದಿದೆ, ಪ್ಲೇಯರು ಹೋಗಿದೆ. ಇಂಗು ತಿಂದ ಮಂಗನ ಹಾಗೆ ಕೂತು ಅವನು ಬೋರ್ಡನ್ನು ನೋಡಿದ. ಅತ್ತೆಗೆ ಈ ಮಾತುಕತೆ ಒಂದೂ ಕೇಳಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ, ಹೊಳೆಹೊಳೆಯುವ ಗೆರೆಗಳ ಒಂದು ಚೆಂದದ ಬಿಲ್ಲೆ, ಅಳಿಯ ಮಾಡಿದ್ದು. "ಎಷ್ಟು ಚೆನ್ನಾಗಿ ಬಂದಿದೆ!" ಎಂದು ಅದನ್ನು ಅಂಗೈ ಮೇಲಿಟ್ಟುಕೊಂಡು, ಮೇಜಿನ ಮೇಲಿದ್ದ ಎಂಟು ಕಾಲಿನ ಕರಿ ಚಿಪ್ಪನ್ನು ಅಂದಕ್ಕೆಂದು ತಾಮ್ರದ ನಡುವೆ ಇಟ್ಟು, "ಇದು ಇಲ್ಲಿ ಕೂರತ್ತಾ?" ಎಂದರು.

ಕೂರುವುದಿಲ್ಲ, ಅದು ಆ ಕಡೆ ಕೂರಬೇಕು ಎಂದು ಹೇಳಲು ಬಾಯಿ ತೆರೆದವನು ಹಾಗೇ ಉಳಿದ. ಆ ಕಡೆಯೇ ಯಾಕೆ? ತಾಮ್ರ ಮೇಲಿರಲಿ, ಚಿಪ್ಪೂ ತಾಮ್ರದ ಮೇಲೇ ಕೂರಲಿ. ಆಗ ಎಡ ಎಡಕ್ಕೇ ಇರುತ್ತದೆ, ಬಲ ಬಲಕ್ಕೇ ಇರುತ್ತದೆ, ನಕ್ಷೆಯಲ್ಲಿದ್ದಂತೆಯೇ! ತೂತು ಕೊರೆಯುವ ಕೆಲಸವೂ ಇಲ್ಲ, ಕಾಲುಗಳನ್ನು ಹೊರಕ್ಕೆ ಮಡಚಿ ಮೇಲೇ ಬೆಸುಗೆ ಹಾಕಿದರೆ ಆಯಿತು. ಕಂಪನಿಯಲ್ಲಿ ದಿನವೂ ಕಾಣುವ ಬೋರ್ಡುಗಳಲ್ಲಿ ಚಿಪ್ಪುಗಳು ಹಾಗೇ ತಾನೆ ಕೂತಿರುವುದು! ಅವನು ಅತ್ತೆಯ ಕೈಯಿಂದ ಬೋರ್ಡನ್ನು ಹೆಚ್ಚುಕಡಿಮೆ ಕಸಿದುಕೊಂಡ. ಬೆಸುಗೆ ಕಡ್ಡಿ ಕಾಯಿತು, ಹೊಗೆ ಎದ್ದಿತು, ಭೂತಗನ್ನಡಿ ಹಣೆಯಿಂದ ಕಣ್ಣಿಗೆ ಇಳಿಯಿತು. ಒಂದು ಕಾಲು, ಮತ್ತೊಂದು ಕಾಲು. ಎಷ್ಟೋ ದಿನದಿಂದ ರಜೆ ಮೇಲೆ ಕಳಿಸಿದ್ದ ಕೈ ಅದು, ಕರೆದ ತಕ್ಷಣ ಓಡಿಬಂದಿತ್ತು. ಅವನು ತನಗೇ ಗೊತ್ತಿಲ್ಲದೆ ಏನೋ ಗುನುಗುತ್ತಿದ್ದ.

ಗೋಡೆಯುದ್ದಕ್ಕೂ ಮೊದಲೇ ಎಳೆದಿಟ್ಟಿದ್ದ ತಂತಿಗಳಿಗೆ ಬೋರ್ಡನ್ನು ಸೇರಿಸಿ, ಕರೆಗಂಟೆಯ ಗುಂಡಿ ಒತ್ತಿದಾಗ ಸಂಜೆಯ ಬೆಳಕು ಹಜಾರದ ಅರ್ಧಕ್ಕೆ ಬಂದಿತ್ತು. ಒಳಗಿನ ಕೋಣೆಯಿಂದ ಹೆಂಡತಿ, "ಉರೀತಿದೆ ರೀ! ಉರೀತಿದೆ!" ಎಂದು ಕೂಗಿದಳು. ಭಾವಮೈದ ಅವನ ಬೆನ್ನಿಗೆ ಗುದ್ದಿದ ಗುದ್ದಿಗೆ ಕೆಮ್ಮು ಬಂತು. ಆದರೆ ಅತ್ತೆ ಯಾರ ಮಾತನ್ನೂ ನಂಬುವವರಲ್ಲ. ತಮ್ಮ ಹಾಸಿಗೆಯ ಮೇಲೆ ತಾವು ಕೂತು, "ಅಳಿಯಂದ್ರೇ, ನೀವು ಆಚೆ ಹೋಗಿ. ಬಾಗಿಲು ಹಾಕ್ಕೊಂಡು ಒತ್ತಿ. ನಿಜವಾಗ್ಲೂ ಯಾರೋ ಬಂದ ಹಾಗೆ ಒತ್ತಬೇಕು" ಎಂದು ಅಪ್ಪಣೆ ಮಾಡಿದರು.

ಅವನು ಬರಿಗಾಲಲ್ಲೇ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಒತ್ತಿ ನಿಂತ. ತನ್ನದೇ ಮನೆಯ ಬಾಗಿಲ ಮುಂದೆ ಪರಸ್ಥಳದವನ ಹಾಗೆ ನಿಲ್ಲುವುದು ವಿಚಿತ್ರವಾಗಿತ್ತು. ಒಳಗೆ ಈಗ ದೀಪ ಮಿಣುಕಿರುತ್ತದೆ, ಅತ್ತೆ ಏಳುತ್ತಿರುತ್ತಾರೆ, ಗೋಡೆ ಹಿಡಿದು ಬರುತ್ತಿರುತ್ತಾರೆ. ಆ ಗೆಳತಿ ಕಾದು ನಿಂತದ್ದೂ ಇದೇ ಕಲ್ಲಿನ ಮೇಲೆ ಎಂದು ನೆನಪಾಯಿತು. ಬಾಗಿಲು ತೆರೆಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬರುವ ದಾರಿಯಲ್ಲೇ ತಲೆಗೂದಲು ಒತ್ತಿಕೊಂಡು, ನೆಂಟರಿಗೆಂದು ಇಟ್ಟ ನಗೆಯನ್ನು ಮುಖಕ್ಕೆ ತಂದುಕೊಂಡಿದ್ದರು. ಯಾರೂ ಕರೆಯದೆ, ಯಾರೂ ಹೇಳದೆ, ತಾವಾಗಿ ತೆಗೆದ ಬಾಗಿಲು. "ಯಾರು ಬೇಕಾಗಿತ್ತು?" ಎಂದರು ಕಣ್ಣಲ್ಲಿ ತುಂಟತನ ಕುಣಿಸುತ್ತ.

ತಮಾಷೆಗೆ ಏನಾದರೂ ಹೇಳಬೇಕೆಂದುಕೊಂಡಿದ್ದ. ಆದರೆ ಬೆಳಗಿನಿಂದ ನಾಲಿಗೆಯ ಮೇಲೆ ಕೂತಿದ್ದದ್ದೇ ಹೊರಗೆ ಬಂತು, ಎಂದಿನಂತೆ ಮೆಲ್ಲಗೆ.

"ಆಂ? ಕೇಳಿಸ್ಲಿಲ್ಲ, ಜೋರಾಗಿ ಹೇಳಿ."

"ನಿಮ್ಮ ಪ್ಲೇಯರನ್ನ ನಾನು ಬಿಚ್ಚಿಹಾಕಿದೀನಿ ಅತ್ತೆ!" ಎಂದು ಕಿರುಚಿದ. ಎದುರು ಮನೆಯವನು ಸ್ಕೂಟರು ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. ಮಹಡಿಯ ಮೇಲೆ ಯಾರದೋ ಕಿಟಕಿ ತೆರೆಯಿತು. ಅತ್ತೆಯ ಬೆನ್ನ ಹಿಂದೆ ಹೆಂಡತಿ, ಅವಳ ಹಿಂದೆ ಭಾವಮೈದ, ಇಬ್ಬರೂ ಗರ ಬಡಿದವರಂತೆ ನಿಂತರು. "ಅದರ ಮೋಟಾರು ತೆಗೆದು ಕೊರಕಕ್ಕೆ ಹಾಕಿದೀನಿ! ಒಂದು ತಂತಿ ಬಿಟ್ಟಿತ್ತು ಅಷ್ಟೇ, ಐದು ನಿಮಿಷದ ಕೆಲಸ! ನಾನೇ ಹಾಳು ಮಾಡಿದ್ದು!"

ಅತ್ತೆಯ ನಗು ಇಳಿಯಿತು. "ಡಿಸ್ಕು?" ಎಂದರು.

"ಡಿಸ್ಕು ಜೋಪಾನವಾಗಿದೆ! ಒಂದು ಗೀರೂ ಬಿದ್ದಿಲ್ಲ!"

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು!" ಅದನ್ನೂ ಕಿರುಚಿಯೇ ಹೇಳಬೇಕಾಯಿತು. ಬೀದಿಯ ಆ ಕೊನೆಯವರೆಗೂ ಎಲ್ಲರಿಗೂ ಗೊತ್ತಾಯಿತು, ಈ ಮನೆಯ ಯಜಮಾನನಿಗೆ ಹೆದರಿಕೆಯಾಗಿತ್ತೆಂದು. ಆಶ್ಚರ್ಯವೆಂದರೆ ಅವನ ಮಾನ ಹೋಗಲಿಲ್ಲ, ಉಸಿರು ಬಂತು. ನೀರಿನಿಂದ ಎದ್ದುಬಂದವನಂತೆ ಮೈಯೆಲ್ಲ ಹಗುರಾಯಿತು. "ನಾಳೆ ಬೆಳಗ್ಗೆ ಹೊಸದು ತಂದುಕೊಡ್ತೀನಿ ಅತ್ತೆ! ಆಣೆ!"

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬರಿಗಾಲು, ಹಣೆಯ ಮೇಲೆ ಭೂತಗನ್ನಡಿ, ಅಂಗಿಯ ತುಂಬ ತಾಮ್ರದ ಪುಡಿ. ಸಿಟ್ಟೂ ಇತ್ತು ಆ ನೋಟದಲ್ಲಿ, ಇಲ್ಲ ಅನ್ನುವಂತಿಲ್ಲ. ಆಮೇಲೆ ತಿರುಗಿ, ತಾವು ನಡೆದುಬಂದ ದಾರಿಯನ್ನು, ಅದರ ಕೊನೆಯಲ್ಲಿ ಇನ್ನೂ ಮಿಣುಕುತ್ತಿದ್ದ ದೀಪವನ್ನು ಒಂದು ಸಲ ನೋಡಿದರು.

"ನಾಳೆ ಹೊಸದು ತನ್ನಿ, ಮರೀಬೇಡಿ. ಈಗ ನಾನು ಹೋಗಿ ಕೂತ್ಕೋತೀನಿ, ಇನ್ನೊಂದು ಸಲ ಒತ್ತಿ. ನಾನು ಸಾಕು ಅನ್ನೋವರೆಗೂ ಒತ್ತುತ್ತಾನೇ ಇರಬೇಕು," ಎಂದು ಅಳಿಯನ ಮುಖಕ್ಕೇ ಬಾಗಿಲು ಹಾಕಿಕೊಂಡರು. ಚಿಲಕವನ್ನೂ ಹಾಕಿದರು.

"ಏನ್ ಸಾರ್," ಎದುರು ಮನೆಯವನು ಬಟ್ಟೆ ಹಿಂಡುತ್ತ ಕೇಳಿದ, "ಆಚೆ ಹಾಕ್ಬಿಟ್ರಾ?"

"ಹಾಕ್ಬಿಟ್ರು ಸಾರ್!" ಎಂದ ಅವನು ಕಿವಿಯವರೆಗೂ ನಗುತ್ತ. ಅತ್ತೆ ಹಜಾರ ದಾಟಿ, ಕೋಣೆ ಸೇರಿ, ಹಾಸಿಗೆಯ ಮೇಲೆ ಕೂತು, ದೀಪದ ಕಡೆ ಮುಖ ಮಾಡುವಷ್ಟು ಹೊತ್ತು ಕಾದು, ಅಂಗಿಗೆ ಬೆರಳು ಒರೆಸಿಕೊಂಡು, ಮತ್ತೆ ಒತ್ತಿದ.